ಮಂಜುಳಾಳ ಕೈಗಳು

ಮೊದಲು ಕಣ್ಣಿಗೆ ಬಿದ್ದದ್ದು ನನ್ನ ಹೆಂಡತಿ ಮಂಜುಳಾಳ ಬೆರಳ ಸಂದುಗಳು. ಬಿರಿದು ಕೆಂಪಗಾಗಿದ್ದವು. ಸೋಪು ಸರಿಯಿಲ್ಲ ಅಂದುಕೊಂಡೆ. ಸೋಪು ಬದಲಿಸಿದೆ. ನನ್ನ ಬುದ್ಧಿವಂತಿಕೆ ಅಷ್ಟಕ್ಕಷ್ಟೇ.

ಅವಳು ದಿನಕ್ಕೆ ನೂರು ಸಲ ಕೈ ತೊಳೆಯುತ್ತಿದ್ದಳು. ರೇಷ್ಮೆಯ ಹುಳುಮನೆಗೆ ಬರುವುದನ್ನು ಬಿಟ್ಟಳು. ಕಡೆಗೆ ಮಗಳು ಚೈತ್ರಾಗೆ ಜಡೆ ಹಾಕುವುದನ್ನೂ ಬಿಟ್ಟಳು. "ನನ್ ಕೈಯಿಂದ ಮಗೂಗೆ ಏನಾದ್ರೂ ಆಗ್ಬಿಡತ್ತೆ" ಎನ್ನುವಳು.

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ನಮಗೆ, ಕೈ ತೊಳೆಯದೆ ಹುಳುಮನೆಗೆ ಕಾಲಿಡಬಾರದು ಎಂಬುದು ವೇದವಾಕ್ಯ. ಬಾಗಿಲಲ್ಲೇ ಬ್ಲೀಚಿಂಗ್ ಪೌಡರ್ ನೀರು ಇಟ್ಟಿರುತ್ತೇವೆ. ಇದಕ್ಕೆಲ್ಲ ಮುಂಚೆ, ಹೋದ ವರ್ಷ ಗೂಡು ಕಟ್ಟಲು ನಾಲ್ಕೇ ದಿನವಿದ್ದಾಗ ಹುಳುಗಳೆಲ್ಲ ರೋಗ ಬಂದು ಸತ್ತವು. ನನ್ನ ಅಮ್ಮನ ಎದುರಿಗೇ ಮಂಜುಳಾಗೆ ಹೇಳಿದೆ: "ನಿನ್ ಕೈಯಿಂದಾನೇ ಹೋಯ್ತು."

ಅದು ಸುಳ್ಳು.

ಹರಕೆ ಹೊತ್ತರೆ ವಾಸಿಯಾಗುತ್ತದೆ ಎಂದು ಅಮ್ಮ ಹೇಳಿದ್ದಕ್ಕೆ ಅವಳನ್ನು ಮುರುಗಮಲ್ಲದ ದರ್ಗಾಕ್ಕೆ ಕರೆದೊಯ್ದೆ. ಆಮೇಲೆ ಚಿಕ್ಕಬಳ್ಳಾಪುರದ ಡಾಕ್ಟರು ಓಸಿಡಿ ಎಂಬ ಗೀಳು ಕಾಯಿಲೆ ಎಂದು ಮಾತ್ರೆ ಬರೆದರು. ಕೌನ್ಸೆಲರ್ ಮೇಡಂ, ಏನನ್ನಾದರೂ ಮುಟ್ಟಿ ಕೈ ತೊಳೆಯದೆ ಕೂರುವ ಅಭ್ಯಾಸ ಮಾಡಿಸಿದರು. ಒಂದು ದಿನ ನನ್ನನ್ನೂ ಒಳಗೆ ಕರೆದರು.

"ಕಾಯಿಲೆ ಅವಳಿಗಲ್ವಾ ಮೇಡಂ, ನಾನ್ಯಾಕೆ?"

"ಬರೀ ಸೊಪ್ಪು ಹಾಕಿದ್ರೆ ಹುಳು ಬೆಳೆಯುತ್ತೇನಪ್ಪಾ? ಗಾಳಿ, ಶಾಖ ಎಲ್ಲಾ ನೋಡ್ತೀರಲ್ವಾ? ಇಲ್ಲೂ ಹಂಗೇ. ಮಾತ್ರೆ ಒಂದ್ ಕೆಲಸ ಮಾಡತ್ತೆ, ಅಭ್ಯಾಸ ಒಂದು, ಮನೆಯೋರ ಮಾತು ಇನ್ನೊಂದು."

ಮನೆಯವರ ಮಾತು! ಪಕ್ಕದೂರಿನಲ್ಲಿ ರೋಗ ಬಿದ್ದ ಹುಳು ನೋಡಿಬಂದು, ಕೈ ತೊಳೆಯದೆ ನಮ್ಮ ಹುಳುಗಳಿಗೆ ಸೊಪ್ಪು ಹಾಕಿದವನು ನಾನು. ಅಲ್ಲೇ ಹೇಳಿಬಿಟ್ಟೆ.

ಮಂಜುಳಾ ಅಳಲಿಲ್ಲ. "ನಂಗೆ ಅನುಮಾನ ಇತ್ತು ಕಣ್ರೀ. ಆದ್ರೆ ನೀವು ನನ್ ಕೈ ಅಂದ್ರಲ್ಲ, ನಂಬಿಬಿಟ್ಟೆ."

ಮನೆಗೆ ಬಂದು ಅಮ್ಮನಿಗೂ ನಿಜ ಹೇಳಿದೆ. ಬರೀ ಒಂದು ಮಾತಿನಿಂದ ಈ ಕಾಯಿಲೆ ಬರುವುದಿಲ್ಲ ಎಂದು ಮೇಡಂ ನನಗೆ ಸಮಾಧಾನ ಹೇಳುತ್ತಾರೆ. ಇರಬಹುದು. ನಾನು ಆಡಿದ ಮಾತು ಮಾತ್ರ ಆಡಿದ್ದೇ. ಮಾತ್ರೆ, ಅಭ್ಯಾಸ, ಮೇಡಂ ಜೊತೆ ನಾವಿಬ್ಬರೂ ಕೂತು ಆಡುವ ಮಾತು, ಅವಳಿಗೆ ಬೇಕೆನಿಸಿದಾಗ ದರ್ಗಾ, ಎಲ್ಲವೂ ನಡೆದಿದೆ. ತೊಳೆಯುವುದು ಎಷ್ಟೋ ಕಡಿಮೆಯಾಗಿದೆ.

ನಿನ್ನೆ ಬೆಳಿಗ್ಗೆ ಚೈತ್ರಾ ತಾನೇ ಬಾಚಣಿಗೆ ಹಿಡಿದು ತನ್ನ ಅಮ್ಮನ ಮುಂದೆ ಕೂತಳು. ಮಂಜುಳಾ ಒಂದು ಜಡೆ ಹಾಕಿದಳು. ನಲ್ಲಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ರೀ, ನನ್ ಕೈ ಚೊಕ್ಕಟವಾಗಿದೆ ಅಂತ ಒಂದ್ಸಲ ಹೇಳಿ."

ಹಾಗೆ ಹೇಳಲೇಬಾರದೆಂದು ಮೇಡಂ ಅವರ ಕಟ್ಟಪ್ಪಣೆ. ಹೇಳಿದಷ್ಟೂ ಅನುಮಾನ ಬೆಳೆಯುತ್ತದಂತೆ. ಒಂದು ಮಾತಿನಿಂದ ಕೆಡಿಸಿದವನಿಗೆ ಒಂದು ಮಾತಿನಿಂದ ಸರಿಪಡಿಸುವ ಅನುಕೂಲವಿಲ್ಲ. ಇನ್ನೊಂದು ಜಡೆಯ ರಿಬ್ಬನ್ ಎತ್ತಿ ಅವಳ ಕೈಗಿಟ್ಟೆ.

ಅವಳು ಎರಡನೇ ಜಡೆಗೆ ಕೂದಲು ಬಿಡಿಸತೊಡಗಿದಳು.