ದೊಡ್ಡಕ್ಕ ರೋಬೋಟಿಗೆ ಕೆಲಸ ಕಲಿಸಿದ್ದು

ಒಂದೇ ಮನೆಗೆ ಸೊಸೆಯಾಗಿ ಬಂದ ಇಬ್ಬರು ಹೆಂಗಸರು ಒಂದೇ ಆಫೀಸಿನಲ್ಲಿ ಎದುರುಬದುರು ಕೂತರೆ ಏನಾಗುತ್ತದೆ ಹೇಳಿ? ಇವತ್ತಲ್ಲ ನಾಳೆ ಜುಟ್ಟು ಹಿಡಿದುಕೊಳ್ಳುತ್ತಾರೆ ಎಂದು ಎಲ್ಲರೂ ಕಾದಿದ್ದರು. ಕಾದವರಿಗೆ ಬೇಜಾರಾಯಿತೇ ಹೊರತು ಜಗಳವಾಗಲಿಲ್ಲ.

ಆರೋಗ್ಯ ವಿಮೆ ಕಂಪನಿಯ ಮೂರನೇ ಮಹಡಿ. ಆಸ್ಪತ್ರೆಗಳಿಂದ ಬಂದ ಬಿಲ್ಲುಗಳನ್ನು ಒಂದು ಪರದೆಯಲ್ಲಿ ನೋಡುವುದು, ಇನ್ನೊಂದು ಪರದೆಯಲ್ಲಿ ತುಂಬುವುದು. ರೋಗಿಯ ಹೆಸರು, ಪಾಲಿಸಿ ನಂಬರು, ಆಸ್ಪತ್ರೆ, ಮೊತ್ತ, ಸೇವ್. ಮತ್ತೆ ಇನ್ನೊಬ್ಬ ರೋಗಿಯ ಹೆಸರು. ಹಿರಿಯ ಸೊಸೆಯನ್ನು ಆಫೀಸೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿತ್ತು, ಅವಳ ಓರಗಿತ್ತಿಯನ್ನು ಚಿಕ್ಕಕ್ಕ ಎಂದು. ಮೈದುನ ಕೆಲಸ ಕಳೆದುಕೊಂಡು ಮನೆ ಹಿಡಿದಾಗ, ಸಾಹೇಬರ ಕಾಲಿಗೆ ಬೀಳುವುದೊಂದನ್ನು ಬಿಟ್ಟು ಉಳಿದ ಎಲ್ಲ ರೀತಿಯಲ್ಲೂ ಬೇಡಿಕೊಂಡು ಚಿಕ್ಕಕ್ಕನಿಗೆ ಆ ಕುರ್ಚಿ ಕೊಡಿಸಿದವಳು ದೊಡ್ಡಕ್ಕನೇ. ಮೈದುನ ಇನ್ನೂ ಮನೆಯಲ್ಲೇ ಇದ್ದಾನೆ. ಚಿಕ್ಕಕ್ಕನ ಸಂಬಳ ನಿಂತರೆ ಆ ಗಂಡ ಹೆಂಡತಿ ಅಣ್ಣನ ಮುಖ ನೋಡಿಕೊಂಡೇ ಉಣ್ಣಬೇಕು.

ಹೀಗಿರುವಾಗ ಸಾಹೇಬರು ರೋಬೋಟ್ ಬರುತ್ತದೆ ಎಂದರು. ಅದಕ್ಕೆ ಕುರ್ಚಿ ಎಲ್ಲಿ ಹಾಕುತ್ತಾರೆ, ಟೀ ಕುಡಿಯುತ್ತದಾ ಎಂದೆಲ್ಲ ಒಂದು ದಿನ ನಗೆಯಾಡಿದ್ದೇ ಆಡಿದ್ದು. ಆಮೇಲೆ ತಿಳಿಯಿತು, ಅದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಕಂಪ್ಯೂಟರಿನ ಒಳಗೇ ಇರುವ ಒಂದು ಪ್ರೋಗ್ರಾಂ. ಕೆಲಸದವರು ಏನೇನು ಒತ್ತುತ್ತಾರೋ ಅದನ್ನೆಲ್ಲ ಇಂಜಿನಿಯರುಗಳು ಬಂದು ರೆಕಾರ್ಡ್ ಮಾಡಿಕೊಂಡು ಹೋಗುತ್ತಾರೆ, ಅದು ಹಾಗೇ ಮಾಡುತ್ತದೆ. ಅಲ್ಲಿಗೆ ನಗು ನಿಂತಿತು.

ಅವತ್ತು ಸಂಜೆ ಅಡುಗೆಮನೆಯಲ್ಲಿ ಉಪಾಯ ಹೂಡಿದವಳು ಚಿಕ್ಕಕ್ಕ.

"ಅಕ್ಕ, ಇಬ್ರೂ ಪೆದ್ದುಪೆದ್ದಾಗಿ ತೋರಿಸಿಬಿಡೋಣ. ನಮ್ಮನ್ನ ನೋಡಿ ಕಲ್ತು ಅದೂ ಪೆದ್ದೇ ಆಗ್ಲಿ."

"ಅದಕ್ಕೇನು ವಿಶೇಷವಾಗಿ ನಟಿಸಬೇಕಾ ನೀನು?" ಎಂದಳು ದೊಡ್ಡಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾತಾಯಿತು.

ರೆಕಾರ್ಡ್ ಮಾಡಲು ಬಂದವಳು ಒಬ್ಬ ಇಂಜಿನಿಯರ್ ಹುಡುಗಿ. ಮೊದಲು ಚಿಕ್ಕಕ್ಕನ ಸರದಿ. ಒಂದೇ ಬೆರಳಲ್ಲಿ ಒತ್ತಿದಳು, ಬರೆದದ್ದನ್ನು ಅಳಿಸಿದಳು, ನಡುವೆ ನೀರು ಕುಡಿಯಲು ಎದ್ದು ಹೋದಳು. ಹೇಳಿದಂತೆಯೇ ನಡೆದುಕೊಂಡಳು.

ದೊಡ್ಡಕ್ಕನೂ ಹಾಗೇ ಶುರು ಮಾಡಿದಳು. ಇಂಜಿನಿಯರ್ ಹುಡುಗಿ ಆಕಳಿಸಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಗಾಬರಿ ಆಗ್ಬೇಡಿ ಆಂಟಿ. ನಿಮ್ಮ ವಯಸ್ಸಿಗೆ ಇಷ್ಟು ಬರೋದೇ ದೊಡ್ಡದು."

ಅದೆಲ್ಲಿ ಚುಚ್ಚಿತೋ. ದೊಡ್ಡಕ್ಕ ಕುರ್ಚಿ ಮುಂದಕ್ಕೆಳೆದುಕೊಂಡಳು. ಮೌಸ್ ಪಕ್ಕಕ್ಕೆ ಸರಿಸಿದಳು. ಆಮೇಲೆ ಬೆರಳು ಕಣ್ಣಿಗೆ ಕಾಣಲಿಲ್ಲ. ಹಳೇ ಸಾಫ್ಟ್‌ವೇರ್ ಎಲ್ಲಿ ಮುನಿಸಿಕೊಂಡು ನಿಲ್ಲುತ್ತದೆ, ಯಾವ ಕೀಲಿ ಒತ್ತಿದರೆ ಮತ್ತೆ ದಾರಿಗೆ ಬರುತ್ತದೆ, ಯಾವ ಆಸ್ಪತ್ರೆಯವರು ರೋಗಿಯ ಹೆಸರನ್ನು ಹಿಂದುಮುಂದಾಗಿ ಬರೆಯುತ್ತಾರೆ, ಒಂದನ್ನೂ ಬಿಡಲಿಲ್ಲ. ಹುಡುಗಿ ಆಕಳಿಕೆ ಬಿಟ್ಟು ಹತ್ತಿರ ಬಂದು ಕೂತಳು. ಇನ್ನೊಮ್ಮೆ ತೋರಿಸಿ ಎಂದಳು. ದೊಡ್ಡಕ್ಕ ಇನ್ನೊಮ್ಮೆ ತೋರಿಸಿದಳು. ಅಷ್ಟು ವರ್ಷದಲ್ಲಿ ದೊಡ್ಡಕ್ಕನ ಕೆಲಸವನ್ನು ಒಬ್ಬರಾದರೂ ಪಕ್ಕದಲ್ಲಿ ಕೂತು ನೋಡಿದ್ದಿಲ್ಲ. ಕಟ್ಟಿಕೊಂಡ ಗಂಡನೇ ಕೇಳಿದವರಿಗೆ "ಅದೇನೋ ಟೈಪ್ ಮಾಡ್ತಾಳೆ" ಎನ್ನುತ್ತಿದ್ದ. ಹುಡುಗಿ ಚಪ್ಪಾಳೆ ತಟ್ಟಿದಾಗ ಅವಳ ಮುಖ ಅರಳಿಹೋಯಿತು.

ತಲೆ ಎತ್ತಿದರೆ ಎದುರಿಗೆ ಚಿಕ್ಕಕ್ಕ ಇವಳನ್ನೇ ನೋಡುತ್ತಿದ್ದಳು.

ಬಸ್ಸಿನಲ್ಲಿ ದೊಡ್ಡಕ್ಕ ಮೆಲ್ಲಗೆ ಬಾಯಿ ಬಿಟ್ಟಳು. "ನಾನೂ ಆದಷ್ಟು ನಿಧಾನವಾಗೇ ಮಾಡಿದೆ ಕಣೇ."

"ಹೂಂ," ಎಂದು ಚಿಕ್ಕಕ್ಕ ಕಿಟಕಿಯ ಕಡೆ ತಿರುಗಿದಳು.

ರೋಬೋಟ್ ಕೆಲಸಕ್ಕೆ ಇಳಿದ ದಿನ ಎಲ್ಲರೂ ಸುತ್ತ ನಿಂತು ನೋಡಿದರು. ಯಾರೂ ಮುಟ್ಟದ ಪರದೆಯಲ್ಲಿ ಬಿಲ್ಲುಗಳು ತಾವಾಗಿ ತೆರೆದುಕೊಂಡವು, ತುಂಬಿಕೊಂಡವು, ಮುಚ್ಚಿಕೊಂಡವು. ಸಂಜೆಗೆ ಸಾಹೇಬರು ದೊಡ್ಡಕ್ಕನನ್ನು ಒಳಗೆ ಕರೆಸಿದರು. ರೋಬೋಟಿಗೆ ಓದಲಾಗದ ಬಿಲ್ಲುಗಳನ್ನು ಸರಿಮಾಡಲು ಒಬ್ಬರು ಸಾಕಂತೆ. ಆ ಒಬ್ಬರು ದೊಡ್ಡಕ್ಕ.

ಆ ಕುರ್ಚಿ ನನಗೆ ಬೇಡ, ಅವಳಿಗೆ ಕೊಡಿ, ನನ್ನ ಗಂಡ ದುಡಿಯುತ್ತಾನೆ, ಅವಳ ಗಂಡನಿಗೆ ಕೆಲಸವಿಲ್ಲ ಎಂದು ಒಂದೇ ಉಸಿರಿಗೆ ಬೇಡಿದಳು. ಸಾಹೇಬರು ಕೆಟ್ಟವರಲ್ಲ. ತಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. ಚಿಕ್ಕಕ್ಕನ ರೆಕಾರ್ಡಿಂಗ್ ಓಡುತ್ತಿತ್ತು. ಒಂದೊಂದೇ ಅಕ್ಷರ ಬೀಳುತ್ತಿತ್ತು, ಅಳಿಯುತ್ತಿತ್ತು, ಮತ್ತೆ ಬೀಳುತ್ತಿತ್ತು.

"ಇದನ್ನ ಮೇಲಿನವರೂ ನೋಡಿದ್ದಾರೆ ಅಮ್ಮ. ಇವರಿಗೆ ಇಷ್ಟು ವರ್ಷ ಸಂಬಳ ಯಾಕೆ ಕೊಟ್ರಿ ಅಂತ ನನ್ನನ್ನೇ ಕೇಳ್ತಿದ್ದಾರೆ. ನಾನೇನು ಹೇಳ್ಲಿ?"

ಅದು ನಾಟಕ ಸಾರ್, ಅವಳು ನನ್ನಷ್ಟೇ ಚುರುಕು, ಇಬ್ಬರೂ ಸೇರಿ ಹೂಡಿದ್ದು, ನಾನೊಬ್ಬಳೇ ಮಾತು ಮುರಿದೆ. ಇಷ್ಟೂ ದೊಡ್ಡಕ್ಕನ ನಾಲಗೆಯ ತುದಿಯವರೆಗೆ ಬಂತು. ಹೇಳಿದರೆ ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಹೇಳದಿದ್ದರೆ ಒಬ್ಬಳನ್ನು. ದೊಡ್ಡಕ್ಕ ಅದನ್ನು ಹೇಳದೆ ಕೈಮುಗಿದು ಹೊರಗೆ ಬಂದಳು.

ಮನೆಗೆ ಬರುವಷ್ಟರಲ್ಲಿ ಚಿಕ್ಕಕ್ಕ ಆಗಲೇ ಬಂದು ತರಕಾರಿ ಹೆಚ್ಚುತ್ತಾ ಕೂತಿದ್ದಳು. ಜೊತೆಯಾಗಿ ಬರದೆ ಬೇರೆ ಬಸ್ ಹಿಡಿದದ್ದು ಅದೇ ಮೊದಲು. ಒಳಕೋಣೆಯಲ್ಲಿ ಮೈದುನ ಟೀವಿಯ ಸದ್ದು ತಗ್ಗಿಸಿದ. ದೊಡ್ಡಕ್ಕ ಬಾಗಿಲಲ್ಲೇ ನಿಂತು, ನಾನು ಸಾಹೇಬರಿಗೆ ಹೇಳಿದೆ ಕಣೇ, ಎಷ್ಟೋ ಹೇಳಿದೆ ಎಂದು ತೊದಲಿದಳು. ಚಿಕ್ಕಕ್ಕ ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ.

"ಅಕ್ಕ, ನಾಳೆಯಿಂದ ನಿಮ್ಮ ಮಗಳನ್ನ ಸ್ಕೂಲಿಂದ ನಾನೇ ಕರ್ಕೊಂಡ್ ಬರ್ತೀನಿ. ಆಟೋದವನಿಗೆ ಬೇಡ ಅಂದ್ಬಿಡಿ. ಹೇಗೂ ಮನೇಲೇ ಇರ್ತೀನಲ್ಲ."

ಕೊಂಕೋ, ಅಕ್ಕರೆಯೋ, ಆ ದನಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ದೊಡ್ಡಕ್ಕ ಇನ್ನೊಂದು ಚಾಕು ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಹೆಚ್ಚಲು ಏನೂ ಉಳಿದಿರಲಿಲ್ಲ.