ಸೇವಂತಿಗೆಗೆ ಹನ್ನೆರಡು ಗಂಟೆ ಕತ್ತಲು

ಸೆಪ್ಟೆಂಬರ್ ತಿಂಗಳಿಡೀ ಅಮೆರಿಕದ ಸಮರ್‌ಸೆಟ್‌ನ ಒಂದು ಮನೆಯಲ್ಲಿ ಸೇವಂತಿಗೆ ಗಿಡಗಳು ಮೊಗ್ಗು ಬಿಡದಂತೆ ನೋಡಿಕೊಂಡವನು ನಾನೇ. ಒಪ್ಪಿಕೊಂಡುಬಿಡುತ್ತೇನೆ. ದ್ವೇಷದಿಂದಲ್ಲ, ಭಕ್ತಿಯಿಂದ. ದಿನಾ ತಪ್ಪದೆ, ಸಂಜೆ ಏಳಕ್ಕೆ.

ಮನೆ ಶಾರದಾ ಆಂಟಿಯದು. ಅವರ ಬೇಸ್‌ಮೆಂಟಿನ ಬಾಡಿಗೆದಾರ ನಾನು. (ಆಂಟಿ ಫೋನೆತ್ತಿ "ಹಲೋಓಓ, ಯಾರೂಊ?" ಎಂದು ರಾಗ ಎಳೆಯುವುದನ್ನು ಯುಗಾದಿ ಪಾರ್ಟಿಯಲ್ಲಿ ಮಾಡಿ ತೋರಿಸಿದ್ದೆ. ಭರ್ಜರಿ ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಹಿಂದೆ ಆಂಟಿ. ಆದರೂ ಮನೆ ಖಾಲಿ ಮಾಡಿಸಲಿಲ್ಲ. ದೊಡ್ಡ ಮನಸ್ಸು.)

ಜೂನ್ ಕೊನೆಗೆ ಆಂಟಿಯ ಅಮ್ಮ ಮೈಸೂರಿನಿಂದ ಬಂದರು. ಏರ್‌ಪೋರ್ಟಿನಲ್ಲಿ ಅವರಿಗೆ ಸಿಕ್ಕ ಸ್ಟ್ಯಾಂಪು ಆರು ತಿಂಗಳದ್ದು. ಡಿಸೆಂಬರ್ ಮೂರನೇ ವಾರ ವಾಪಸ್ ವಿಮಾನ. ಅಜ್ಜಿಗೆ ಶಾಪಿಂಗ್ ಬೇಡ, ನಯಾಗರ ಬೇಡ. ಹೊರಡುವ ಮೊದಲು ತಾವೇ ಬೆಳೆದ ಸೇವಂತಿಗೆಯನ್ನು ಮಗಳ ಮನೆ ದೇವರಿಗೆ ಏರಿಸಬೇಕು. ಅಷ್ಟೇ ಆಸೆ.

"ಅಂಗಡಿಯಿಂದ ತರೋಣ ಅಜ್ಜಿ," ಎಂದೆ.

"ಫ್ರಿಜ್ಜಲ್ಲಿಟ್ಟಿರೋ ಹೂವನ್ನಾ? ಅದು ನಿನ್ನೆ ಸಾರು ಇದ್ದ ಹಾಗೆ ಕಣೋ. ನೀನು ತಿನ್ನು, ದೇವರಿಗೆ ಬೇಡ."

ಆಂಟಿ ನರ್ಸರಿಯಿಂದ ನಾಲ್ಕು ಕುಂಡ ತಂದರು. ಮನೆ ಹಿಂದಿನ ಮರದ ಡೆಕ್ ಮೇಲಿಟ್ಟರು. ಮಾರನೆಯ ಬೆಳಿಗ್ಗೆ ಎರಡೇ ಉಳಿದಿದ್ದವು. ಮಿಕ್ಕಿದ್ದನ್ನು ಜಿಂಕೆಗಳು ಬುಡದವರೆಗೆ ಮೇದಿದ್ದವು. ಉಳಿದೆರಡನ್ನು ಬೇಸ್‌ಮೆಂಟಿಗೆ ಇಳಿಸಿ, ವಾಷಿಂಗ್ ಮಷೀನ್ ಪಕ್ಕ ಇಟ್ಟು, ಮೇಲೊಂದು ಟ್ಯೂಬ್‌ಲೈಟ್ ಕಟ್ಟಿದೆವು. ಪಾಪ, ಕತ್ತಲಲ್ಲಿ ಸೊರಗದಿರಲಿ ಎಂದು ಹಗಲು ರಾತ್ರಿ ಉರಿಸಿದೆವು. ಎಲೆ ಬಂತು ನೋಡಿ, ಮೆಂತ್ಯ ಸೊಪ್ಪಿನ ಹಾಗೆ! ಮೊಗ್ಗು ಮಾತ್ರ ಒಂದೂ ಇಲ್ಲ.

ನನ್ನ ಆಫೀಸು ಸೀಕಾಕಸ್‌ನಲ್ಲಿ. (2000 ಬರುವ ಮುಂಚೆ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವ ಕೆಲಸ. ಸಂಬಳ ಕೊಡುತ್ತಾರೆ, ನಗಬೇಡಿ.) ಅಲ್ಲಿನ ಗೋದಾಮುಗಳ ನಡುವೆ, ಮನೆಯೊಳಗೆ ಗಿಡ ಬೆಳೆಸುವವರಿಗೆ ಲೈಟ್ ಮಾರುವ ಅಂಗಡಿಯಿದೆ ಎಂದು ಪಕ್ಕದ ಕ್ಯೂಬಿಕಲ್‌ನವನು ಹೇಳಿದ. ಹೇಳುವಾಗ ಯಾಕೋ ಕಣ್ಣು ಮಿಟುಕಿಸಿದ. ಆಗಲೇ ಅನುಮಾನ ಬರಬೇಕಿತ್ತು.

ಅಂಗಡಿಯವನಿಗೆ ಬೆನ್ನುದ್ದದ ಜುಟ್ಟು.

"ಎಲೆ ಚೆನ್ನಾಗಿ ಬಂದಿದೆ. ಹೂ ಬಿಡುತ್ತಿಲ್ಲ," ಎಂದೆ.

ಏನು ಗಿಡ ಎಂದು ಅವನು ಕೇಳಲೇ ಇಲ್ಲ. "ಪರ್ಸನಲ್ ಯೂಸಾ?" ಎಂದ.

"ಅಲ್ಲ, ಪೂಜೆಗೆ. ಮನೆಯಲ್ಲಿ ಎಪ್ಪತ್ತೆರಡು ವರ್ಷದ ಗ್ರ್ಯಾಂಡ್‌ಮದರ್ ಇದ್ದಾರೆ. ಬೇಕೇ ಬೇಕು ಅಂತಾರೆ."

ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಅವರಿಗೆ ನನ್ನ ರೆಸ್ಪೆಕ್ಟ್ಸ್ ಹೇಳು, ಮ್ಯಾನ್."

ಹೇಳಿದೆ. ಅಜ್ಜಿ ಖುಷಿಪಟ್ಟರು.

ಅವನು ಒಂದು ಟೈಮರ್ ಕೊಟ್ಟು, ಜೊತೆಗೊಂದು ಜೆರಾಕ್ಸ್ ಹಾಳೆಯನ್ನೂ ಕೊಟ್ಟಿದ್ದ. ಎಲೆ ಬೇಕೆಂದರೆ ದಿನಕ್ಕೆ ಹದಿನೆಂಟು ಗಂಟೆ ಬೆಳಕು ಕೊಡಿ. ಹೂ ಬೇಕೆಂದರೆ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಕತ್ತಲೆಂದರೆ ಕತ್ತಲು. ನಡುವೆ ಒಂದು ಸಲ ಲೈಟ್ ಹಾಕಿದರೂ ಗಿಡ ಬೇಸಿಗೆಯೇ ಇನ್ನೂ ಮುಗಿದಿಲ್ಲವೆಂದುಕೊಂಡು ಹೂವಿನ ಯೋಚನೆ ಬಿಡುತ್ತದೆ. ಹಾಳೆಯ ತಲೆಯ ಮೇಲೆ ಬೆರಳು ಬಿಡಿಸಿದಂಥ ಎಲೆಯ ಚಿತ್ರ. ನಾನು ಅದನ್ನು ಅಂಗಡಿಯ ಲೋಗೋ ಅಂದುಕೊಂಡಿದ್ದೆ.

ಅಜ್ಜಿ ಕನ್ನಡಕ ಏರಿಸಿದರು. "ಏನೋ ಇದು, ಭಂಗಿ ಸೊಪ್ಪು?"

"ಏನಜ್ಜಿ ಹಾಗಂದ್ರೆ?"

"ಗಾಂಜಾ ಕಣೋ. ನಮ್ಮೂರಲ್ಲಿ ಬೈರಾಗಿಗಳು ಸೇದೋರು. ನನಗೆ ಗೊತ್ತಾಗಲ್ವಾ?"

ಆಂಟಿ ಹಾಳೆ ಕಸಿದುಕೊಂಡು ನಾಲ್ಕಾಗಿ ಮಡಚಿದರು. "ಅಯ್ಯೋ, ನನ್ನ ಗ್ರೀನ್ ಕಾರ್ಡ್ ಪೆಂಡಿಂಗ್ ಇದೆ ಕಣೋ!"

ಅಂಗಡಿಗೆ ಫೋನ್ ಮಾಡಿ, ನಮ್ಮದು ಸೇವಂತಿಗೆ, ನಿಜವಾಗಿಯೂ ಸೇವಂತಿಗೆ ಎಂದೆ. ಎದೆಯ ಮೇಲಿದ್ದ ಕೈ ಕೆಳಗಿಳಿದದ್ದು ನನಗೆ ಫೋನಿನಲ್ಲೇ ಕಾಣಿಸಿತು. "ಅದಕ್ಕೂ ಸೇಮ್ ಟೈಮಿಂಗ್, ಮ್ಯಾನ್," ಎಂದು ಇಟ್ಟುಬಿಟ್ಟ.

ಸರಿ, ಟೈಮರ್ ಹಾಕಿದೆವು. ಬೆಳಿಗ್ಗೆ ಆರಕ್ಕೆ ಟ್ಯೂಬ್‌ಲೈಟ್ ಆನ್, ಸಂಜೆ ಆರಕ್ಕೆ ಆಫ್. ಅಮೆರಿಕದಲ್ಲಿ ಬೆಳಕು ಕೊಡುವುದು ಸುಲಭ, ಸ್ವಾಮಿ. ಕತ್ತಲು ತರುವುದು ಎಲ್ಲಿಂದ? ವಿಸಿಆರ್ ಮಿನುಗುತ್ತದೆ, ಆನ್ಸರಿಂಗ್ ಮಷೀನ್ ಕೆಂಪಗೆ ಕಣ್ಣು ಬಿಡುತ್ತದೆ, ಕಿಟಕಿಯಾಚೆ ಪಕ್ಕದ ಮನೆಯವರ ಸೆನ್ಸರ್ ಲೈಟು ಅಳಿಲು ಓಡಿದರೂ ಹೊತ್ತಿಕೊಳ್ಳುತ್ತದೆ. ಎಲ್ಲಕ್ಕೂ ಕಪ್ಪು ಟೇಪು, ಕಪ್ಪು ಕಾಗದ. ಮೂರು ವಾರ ಕಳೆಯಿತು. ಮೊಗ್ಗಿಲ್ಲ. ಅಜ್ಜಿ ಕ್ಯಾಲೆಂಡರ್ ನೋಡುವುದು ಹೆಚ್ಚಾಯಿತು. "ಇನ್ನು ಬರಲ್ಲ ಬಿಡು," ಎಂದು ಒಂದು ದಿನ ಮೆಲ್ಲಗೆ ಅಂದರು. ಆ ದನಿಯನ್ನು ಅನುಕರಿಸಲು ನನಗೆ ಬರುವುದಿಲ್ಲ.

ಅಕ್ಟೋಬರ್ ಮೊದಲ ವಾರ, ಗಿಡ ನೋಡಲು ಅವರು ಮೆಟ್ಟಿಲಿಳಿದು ಬಂದಾಗ ಏಳು ಗಂಟೆ. ನಾನು ಬೇಸ್‌ಮೆಂಟಿನ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತುತ್ತಿದ್ದೆ.

"ಏನೋ ಮಾಡ್ತಿದ್ದೀಯ?"

"ಮುಸ್ಸಂಜೆ ಅಲ್ವಾ ಅಜ್ಜಿ, ಲೈಟ್ ಹಾಕ್ತಿದ್ದೀನಿ. ಆಂಟಿ ಹೇಳಿದಾರೆ."

ಹೌದು. ಮುಸ್ಸಂಜೆಯೆಂದರೆ ಲಕ್ಷ್ಮಿ ಬರುವ ಹೊತ್ತು, ಮನೆಯ ಒಂದು ಮೂಲೆಯೂ ಕತ್ತಲಾಗಿರಬಾರದು. ಆಂಟಿ ಕಮ್ಯೂಟ್ ಮುಗಿಸಿ ಬರುವುದು ಏಳೂವರೆಗೆ. ಹಾಗಾಗಿ ಆ ಡ್ಯೂಟಿ ನನ್ನದು. ಹಾಕಿದ ಲೈಟನ್ನು ಮಲಗುವಾಗ ಆರಿಸುತ್ತಿದ್ದೆ. ಟ್ಯೂಬ್‌ಲೈಟಿಗೆ ಟೈಮರ್ ಇಟ್ಟವನೂ ನಾನೇ, ಅದರ ತಲೆಯ ಮೇಲಿನ ಬಲ್ಬ್ ಹಾಕಿದವನೂ ನಾನೇ. ಹಗಲೆಲ್ಲ ಕೂತು ಬೇರೆಯವರ ಪ್ರೋಗ್ರಾಮಿನ ತಪ್ಪು ಹುಡುಕುವವನು!

(ಟೈಮರನ್ನೇ ಮುಂದೂಡಬಹುದಿತ್ತಲ್ಲ ಎನ್ನುವ ಸಾಫ್ಟ್‌ವೇರ್ ಓದುಗರೇ, ಬೆಳಿಗ್ಗೆ ಆರಕ್ಕೆ ಅಲ್ಲೇ ನಿಂತು ಶರ್ಟ್ ಇಸ್ತ್ರಿ ಮಾಡಲು ನನಗೆ ಲೈಟ್ ಬೇಕು.)

ಆಂಟಿ ಬಂದರು. ವಾದ ಶುರುವಾಯಿತು. ಸಂಜೆ ಹೊತ್ತು ಲೈಟ್ ಹಾಕಬೇಡ ಎಂದು ಅಜ್ಜಿ. "ನೀನೇ ಕಲಿಸಿದ್ದಲ್ವಾ ಅಮ್ಮಾ ಇದನ್ನ? ಮನೆ ಕತ್ಲಾಗಿದ್ರೆ ಲಕ್ಷ್ಮಿ ವಾಪಸ್ ಹೋಗ್ತಾಳೆ ಅಂತ?" ಎಂದು ಆಂಟಿ. ಕುಂಡಗಳಿಗೆ ಕಪ್ಪು ಗಾರ್ಬೇಜ್ ಬ್ಯಾಗ್ ಮುಚ್ಚೋಣ ಎಂದೆ. "ದೇವರ ಹೂವಿಗೆ ಕಸದ ಚೀಲವಾ?" ಎಂದು ಇಬ್ಬರೂ ಒಟ್ಟಿಗೇ ನನ್ನ ಮೇಲೆ ಬಿದ್ದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

(ಹೂ ಬಿಟ್ಟಿತೇ? ಬಿಟ್ಟಿತು. ವಿಮಾನಕ್ಕೆ ನಾಲ್ಕು ದಿನ ಮುಂಚೆ, ಹಳದಿ, ಹನ್ನೊಂದು. ಅಲ್ಲಿಯವರೆಗೆ ನಾನು ವಾಷಿಂಗ್ ಮಷೀನಿಗೆ ಮೊಣಕಾಲು ಬಡಿದುಕೊಳ್ಳುತ್ತಾ ಕತ್ತಲಲ್ಲಿ ತಡಕಾಡಿಕೊಂಡು ನನ್ನ ರೂಮು ಸೇರುತ್ತಿದ್ದೆ.)

ಆ ಸಂಜೆ ವಾದ ಮುಗಿಸಿದ್ದು ಅಜ್ಜಿಯೇ. ಮಗಳ ಕಡೆ ನೋಡಿದರು, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಲಕ್ಷ್ಮಿ ಬರೋದು ಮುಂಬಾಗಿಲಿಂದ ಕಣೇ. ಬೇಸ್‌ಮೆಂಟಿಗೆ ಬರೋನು ಇವನೊಬ್ಬನೇ. ಇವನಿಗೆ ಯಾಕೆ ದೀಪ?"