ಸುಬ್ರಮಣಿಯವರ ಉಂಗುರ

ಸುಬ್ರಮಣಿ ಯಲಹಂಕದ ಆಚೆಗಿನ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್. ಚಿಕ್ಕಜಾಲದ ದ್ರಾಕ್ಷಿತೋಟದವರ ಮಗ. ಅಣ್ಣತಮ್ಮಂದಿರು ತೋಟ ತೆಗೆದು ಲೇಔಟ್ ಮಾಡಿದರೆ, ಇವರೊಬ್ಬರು ಆಕಾಶದ ಹಿಂದೆ ಬಿದ್ದರು.

ರೇಡಿಯೊ ದೂರದರ್ಶಕಗಳು ತೆಗೆದ ಚಿತ್ರಗಳನ್ನು ಜಾಲಾಡುವಾಗ ಒಮ್ಮೆ ಅವರಿಗೆ ಮುರಿದ ಬಳೆಯಂಥ ಮಸುಕಾದ ಉಂಗುರ ಕಂಡಿತು. ದೊಡ್ಡ ನಕ್ಷತ್ರ ಸಿಡಿದು ಸತ್ತಾಗ ಹೊರಬಿದ್ದ ಅನಿಲ ಹೀಗೆಯೇ ಹರಡುತ್ತದೆ. ಯಾರಿಗೂ ಗೊತ್ತಿಲ್ಲದ ಸೂಪರ್‌ನೋವಾ ಅವಶೇಷ ತಮಗೆ ಸಿಕ್ಕಿತೆಂದು ಅವರು ನಂಬಿದರು. ಆಮೇಲೆ ಬದುಕಿದ್ದೆಲ್ಲ ಅದಕ್ಕೇ.

ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದವಳು ಕೋಗಿಲು ಊರಿನ ರಮ್ಯ.

"ಸರ್, ರೇಡಿಯೊ ಒಂದೇ ಸಾಲ್ದಲ್ವಾ? ಇನ್‌ಫ್ರಾರೆಡ್‌ನಲ್ಲೂ ನೋಡೋಣ. ಅಲ್ಲಿ ದೂಳು ಜೋರಾಗಿ ಹೊಳೀತಿದ್ರೆ, ಇದು ಅವಶೇಷ ಅಲ್ದೇ ಇರ್ಬೋದು," ಎಂದಳು.

ಸ್ಟಾಫ್‌ರೂಮಿನಲ್ಲಿ ಎಲ್ಲರೂ ಇದ್ದರು. ಸುಬ್ರಮಣಿ ಕನ್ನಡಕ ತೆಗೆದರು. "ನಿಮ್ಮಪ್ಪ ಜಲ್ಲಿ ಲಾರಿ ಓಡಿಸ್ತಾನಲ್ವೇನಮ್ಮ? ನೀನೂ ಹೋಗಿ ಜಲ್ಲಿ ನೋಡ್ಕೋ. ಆಕಾಶ ನನಗೆ ಬಿಡು."

ಕೆಲವರು ನಕ್ಕರು. ಸಂಶೋಧನೆಗೆ ಈಕೆ ಲಾಯಕ್ಕಿಲ್ಲ ಎಂದು ಸುಬ್ರಮಣಿ ಕಾಲೇಜಿಗೆ ಹೇಳಿ ಅವಳನ್ನು ಬಿಡಿಸಿದರು. ಅವಳು ಬೇರೆ ಸಂಸ್ಥೆಯಲ್ಲಿ ಬೇರೆ ಗೈಡ್ ಹುಡುಕಿಕೊಂಡಳು.

ಸುಬ್ರಮಣಿಯವರ ನಿವೃತ್ತಿಯ ದಿನ ಹಳೆಯ ವಿದ್ಯಾರ್ಥಿಗಳಿಗೆ ಮಾತಾಡಲು ಕರೆ ಹೋಗಿತ್ತು. ರಮ್ಯಳೂ ಬಂದಳು. ಹೆಂಡತಿ ನಾಗಲಕ್ಷ್ಮಿ ಮುಂದಿನ ಸಾಲಿನಲ್ಲಿದ್ದರು. ಶಾಲು ಹೊದ್ದು ವೇದಿಕೆಯ ಮೇಲೆ ಕೂತಿದ್ದ ಸುಬ್ರಮಣಿ, ಹುಡುಗಿ ಹಳೆಯದನ್ನು ಮರೆತಿದ್ದಾಳೆಂದು ಹಿಗ್ಗಿದರು.

ರಮ್ಯಳ ಸರದಿ ಬಂದಾಗ ಪರದೆಯ ಮೇಲೆ ಅವರ ಉಂಗುರ ಮೂಡಿತು. ಪಕ್ಕದಲ್ಲಿ ಅದೇ ಜಾಗದ ಇನ್‌ಫ್ರಾರೆಡ್ ಚಿತ್ರ: ಉಂಗುರದ ತುಂಬ ಕಾದ ದೂಳಿನ ಬೆಳಕು. ಇನ್ನೊಂದು ಎಕ್ಸ್‌ರೇ ಚಿತ್ರ. ಸಿಡಿದ ನಕ್ಷತ್ರದ ಅವಶೇಷವಾಗಿದ್ದರೆ ಅದರಲ್ಲೂ ಹೊಳೆಯಬೇಕಿತ್ತು; ಏನೂ ಇರಲಿಲ್ಲ.

"ಇಲ್ಲಿ ಯಾವ ನಕ್ಷತ್ರಾನೂ ಸತ್ತಿಲ್ಲ," ಎಂದಳು ರಮ್ಯ. "ಒಂದು ಎಳೇ ನಕ್ಷತ್ರ ಸುತ್ತಲಿನ ಗ್ಯಾಸು, ದೂಳನ್ನ ಕಾಯಿಸ್ತಿದೆ, ಅಷ್ಟೆ. ಇಂಥವು ಬೇಕಾದಷ್ಟಿವೆ. ಸರ್ ಜೀವಮಾನವೆಲ್ಲ ನೋಡಿದ್ದು ಇದನ್ನೇ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸ್ಟಾಫ್‌ರೂಮಿನಲ್ಲಿ ನಕ್ಕಿದ್ದವರೇ ಈಗಲೂ ನಕ್ಕರು.

ಸುಬ್ರಮಣಿ ಬಹಳ ಹೊತ್ತು ಪರದೆ ನೋಡಿದರು. ತಪ್ಪು ಹುಡುಕಿದರು, ಸಿಗಲಿಲ್ಲ. "ಯಾವಾಗ ಗೊತ್ತಾಯ್ತಮ್ಮ?"

"ಹೋದ ವರ್ಷ ಸರ್."

"ನನಗೊಬ್ಬನಿಗೇ ಹೇಳ್ಬೋದಿತ್ತು."

"ಹೇಳ್ಬೋದಿತ್ತು. ಇವತ್ತಿಗೇ ಅಂತ ಇಟ್ಕೊಂಡೆ."

ಮತ್ತಿಕೆರೆಯ ಮನೆಗೆ ಹೋಗುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಕಾರು ನಿಂತೇ ಇತ್ತು. ನಾಗಲಕ್ಷ್ಮಿ ಗಂಡನತ್ತ ತಿರುಗದೆ ಹೇಳಿದರು: "ಮೇಲಿನ ರೂಮಲ್ಲಿರೋ ಕಂಪ್ಯೂಟರು, ಪೇಪರು ಎಲ್ಲಾ ತೆಗೆದುಬಿಡಿ. ಸ್ಟೂಡೆಂಟ್ಸ್ ಯಾರಿಗಾದ್ರೂ ಬಾಡಿಗೆಗೆ ಕೊಡೋಣ. ಮದುವೆ ಆದಾಗಿಂದ ಸಂಜೆ ಹೊತ್ತು ನಾನೊಬ್ಳೇ ಕೂತಿದ್ದೆ ಕಣ್ರೀ. ಅದೂ ಇದಕ್ಕೆ."

ಆ ಇನ್‌ಫ್ರಾರೆಡ್ ಚಿತ್ರ ಮೊದಲಿನಿಂದಲೂ ಯಾರು ಬೇಕಾದರೂ ತೆರೆದು ನೋಡಬಹುದಾದದ್ದು. ಸುಬ್ರಮಣಿ ಒಮ್ಮೆ ತೆರೆದೂ ಇದ್ದರು. ಪೂರ್ತಿ ಮೂಡುವ ಮೊದಲೇ ಮುಚ್ಚಿದ್ದರು.